ಪೆಟ್ಟಿಗೆ ಅವ್ವನ ಮನೇಲಿ, ವಿಳಾಸ ಮಗನ ಮನೇಲಿ!

ಬಾಳ್ಳುಪೇಟೆ: ಹೆದ್ದಾರಿ ಬದಿಯ ಕಿರಾಣಿ ಅಂಗಡಿಯೊಂದರ ಮುಂದೆ ಮೊನ್ನೆ ಸಂಜೆ ಜನವೋ ಜನ. ಸಕಲೇಶಪುರದ ಬಸ್ಸಿಗೆ ಕಾಯುತ್ತಿದ್ದವರು ಯಾವುದೋ ಆಕ್ಸಿಡೆಂಟು ಎಂದುಕೊಂಡು ಓಡಿಬಂದರೆ, ಅಲ್ಲಿ ನಡೆಯುತ್ತಿದ್ದದ್ದು ಜಗಳ. ಜಗಳದ ಮೂಲ ಗಡಿಕಲ್ಲಲ್ಲ, ಸಾಲದ ಪುಸ್ತಕವಲ್ಲ, ಎಲೆಕ್ಷನ್ನೂ ಅಲ್ಲ. ಅಂಗಡಿಯ ತಕ್ಕಡಿ ಪಕ್ಕದಲ್ಲಿ ತಣ್ಣಗೆ ಕೂತಿದ್ದ ಒಂದು ಕರೀ ಪೆಟ್ಟಿಗೆ. ಕೇಬಲ್ ಟಿವಿಯ ಸೆಟ್ ಟಾಪ್ ಬಾಕ್ಸ್!

ನಡೆದದ್ದು ಇಷ್ಟು. ಅಂಗಡಿ ಯಜಮಾನರ ಮನೆಯಲ್ಲಿ ಎರಡು ಟಿವಿ, ಎರಡು ಪೆಟ್ಟಿಗೆ. ಎರಡನೆಯದು ಮಕ್ಕಳ ಕೋಣೆಯದು. ಮಕ್ಕಳು ಈಗ ಟಿವಿ ಕಡೆ ತಲೆ ಎತ್ತಿಯೂ ನೋಡುವುದಿಲ್ಲ, ಮೊಬೈಲೇ ಲೋಕ. ಪೆಟ್ಟಿಗೆ ಧೂಳು ತಿನ್ನುತ್ತಾ ಬಿದ್ದಿತ್ತು. ಒಳಗಿನ ಹಳ್ಳಿಯಲ್ಲಿ ಹಳೇ ಮನೆ ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದು ಕೂತ ವಯಸ್ಸಾದ ತಾಯಿ. ಮಳೆಗಾಲ ಶುರುವಾದರೆ ಆರು ಗಂಟೆಗೇ ಕದ ಹಾಕಬೇಕು, ಹೊರಗೆ ಆನೆ ಭಯ, ಒಳಗೆ ಮಾತಾಡಲು ಜನವಿಲ್ಲ. ಮಗ ಒಂದು ಭಾನುವಾರ ಪೆಟ್ಟಿಗೆಯನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು ಹೋಗಿ ಅವ್ವನ ಟಿವಿಗೆ ಸಿಕ್ಕಿಸಿ ಬಂದರು. ಆ ಊರಿಗೂ ಇದೇ ಆಪರೇಟರರ ಲೈನು ಹೋಗಿದೆ, ಮನೆ ಮುಂದೆ ಹಳೇ ವೈರು ನೇತಾಡುತ್ತಲೇ ಇತ್ತು. ಸಿಕ್ಕಿಸಿದ ಕೂಡಲೇ ಚಿತ್ರ ಬಂತು, ಸೀರಿಯಲ್ ಬಂತು, ಅವ್ವನಿಗೆ ಸಂತೋಷವೂ ಬಂತು.

ಎಂಟು ತಿಂಗಳು ಯಾರಿಗೂ ಗೊತ್ತಿಲ್ಲ. ಗಾಳಿಗೆ ಸಿಲ್ವರ್ ಓಕ್ ಕೊಂಬೆ ಮುರಿದು ಲೈನಿನ ಮೇಲೆ ಬಿತ್ತು ನೋಡಿ, ಸರಿಮಾಡಲು ಹೋದ ಕೇಬಲ್ ಹುಡುಗನ ಕಣ್ಣಿಗೆ ಲೆಕ್ಕದಲ್ಲಿಲ್ಲದ ಒಂದು ವೈರು ಬಿತ್ತು. ಎಳೆದ ಕಡೆ ಹೋದರೆ ಅಜ್ಜಿ. ಅಜ್ಜಿ ಕಾಫಿ ಕೊಟ್ಟರು. ಹುಡುಗ ಕಾಫಿ ಕುಡಿದು ವೈರು ಬಿಚ್ಚಿ ಬಂದ.

"ನಾನು ತಿಂಗಳು ತಿಂಗಳು ದುಡ್ಡು ಕಟ್ಟಿದೀನಿ ಕಣಯ್ಯಾ, ಕದ್ದಿಲ್ಲ. ಪೆಟ್ಟಿಗೆ ನಂದು, ನೋಡೋಳು ನಮ್ಮವ್ವ. ನಿಂದೇನು?" ಎಂದು ಅಂಗಡಿಯವರ ಆರ್ಭಟ.

"ಅಣ್ಣ, ಪೆಟ್ಟಿಗೆ ನಿಮ್ದೇ ಇರ್ಲಿ, ಲೈನು ನಮ್ದು. ಎರಡನೇ ಟಿವಿ ರೇಟು ಕೊಟ್ಟಿದ್ದು ಒಂದು ಮನೆ ಅಂತ. ಅವ್ವನ ಮನೆ ಬೇರೆ ಅಲ್ವಾ?" ಎಂದು ಹುಡುಗ.

"ಅವ್ವನ ಮನೆ ಬೇರೆ ಹೆಂಗಾಯ್ತದೆ?" ಎಂದು ಗುಂಪಿನಿಂದ ಒಂದು ದನಿ.

"ಪಾಲಾಗಿ ಹನ್ನೆರಡು ವರ್ಷ ಆಯ್ತಲ್ಲ, ರೇಷನ್ ಕಾರ್ಡೂ ಬೇರೆ ಐತೆ" ಎಂದು ಇನ್ನೊಂದು ದನಿ. ಊರು ಅಂದ ಮೇಲೆ ಇಂಥ ದನಿ ಒಂದು ಇರಲೇಬೇಕಲ್ಲ!

ಆ ಹೊತ್ತಿಗೆ ಬಸ್ಸು ಬಂದು ಅರ್ಧ ಪಂಚಾಯ್ತಿ ಸಕಲೇಶಪುರಕ್ಕೆ ಹೊರಟುಹೋಯಿತು. ತಕರಾರು ಮಾತ್ರ ಅಲ್ಲೇ ಉಳಿಯಿತು. ಇದು ಒಂದೇ ಅಂಗಡಿಯ ಕತೆಯೂ ಅಲ್ಲ. ಮಗಳ ಮನೆಗೆ ಹೋದ ಪೆಟ್ಟಿಗೆ, ಬಾಡಿಗೆ ಮನೆ ಖಾಲಿ ಮಾಡಿದವರ ಜೊತೆ ಲಾರಿ ಹತ್ತಿದ ಪೆಟ್ಟಿಗೆ, ಎಸ್ಟೇಟಿನ ಬಂಗ್ಲೆಯಿಂದ ರೈಟರ್ ಮನೆಗೆ ಇಳಿದ ಪೆಟ್ಟಿಗೆ, ಹೀಗೆ ಆಲೂರು ಸಕಲೇಶಪುರ ಸೀಮೆಯಲ್ಲಿ ಪೆಟ್ಟಿಗೆಗಳ ಸಂಚಾರ ಜೋರಾಗಿಯೇ ಇದೆ.

ಯಾರ ವಿಳಾಸ?

ಈ ಮೊದಲು ಕೇಬಲ್ ಎಂದರೆ ವೈರು, ಅಷ್ಟೇ. ಕಂಬದಿಂದ ಮನೆಗೆ ಬಂತು, ಟಿವಿ ಹಿಂದೆ ಚುಚ್ಚಿದರು, ಮುಗೀತು. 1995ರ ಕೇಬಲ್ ಟೆಲಿವಿಷನ್ ಜಾಲಗಳ ಕಾಯ್ದೆಗೆ ಸಂಸತ್ತು 2011ರಲ್ಲಿ ತಿದ್ದುಪಡಿ ತಂದ ಮೇಲೆ ಪೆಟ್ಟಿಗೆ ಕಡ್ಡಾಯವಾಯಿತು. ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ 31ರ ಗಡುವು. ಬಾಳ್ಳುಪೇಟೆಯಂಥ ಹಳ್ಳಿಗಾಡಿನ ಊರುಗಳಿಗೆ ಕೊನೆಯ ಹಂತ, ಅದರ ಗಡುವು 2017ರ ಮಾರ್ಚ್ 31. ಸರ್ಕಾರ ಈ ಪದ್ಧತಿಗೆ ಇಟ್ಟ ಹೆಸರು 'ಡಿಜಿಟಲ್ ಅಡ್ರೆಸೆಬಲ್ ಸಿಸ್ಟಂ'. ಅಂದರೆ ವಿಳಾಸ ಹಿಡಿದು ಕರೆಯಬಹುದಾದ ವ್ಯವಸ್ಥೆ.

ಯಾರ ವಿಳಾಸ? ಗಲಾಟೆ ಇರುವುದೇ ಇಲ್ಲಿ. ಬಹಳ ಜನ ಇದನ್ನು ಮನೆಯ ವಿಳಾಸ ಎಂದು ತಿಳಿದಿದ್ದಾರೆ. ಅಲ್ಲ, ಅದು ಪೆಟ್ಟಿಗೆಯ ವಿಳಾಸ. ಪ್ರತಿ ಪೆಟ್ಟಿಗೆಗೂ ಒಂದು ಉದ್ದನೆಯ ನಂಬರು ಇರುತ್ತದೆ. ಕ್ರಿಕೆಟ್ ಮ್ಯಾಚು ರಂಗೇರಿದಾಗ ಪರದೆಯ ಮೂಲೆಯಲ್ಲಿ ಅಂಕಿಗಳ ಸಾಲೊಂದು ಮೂಡಿ ಮಾಯವಾಗುವುದನ್ನು ನೋಡಿದವರಿದ್ದಾರೆ. ಟಿವಿ ಕೆಟ್ಟಿತು ಎಂದು ತಲೆ ಮೇಲೆ ಕುಟ್ಟಿದವರೂ ಇದ್ದಾರೆ. ಅದು ಕೆಟ್ಟದ್ದಲ್ಲ. ಯಾರಾದರೂ ಚಿತ್ರವನ್ನು ಕದ್ದು ಬೇರೆ ಕಡೆ ಹರಿಸಿದರೆ ಯಾವ ಪೆಟ್ಟಿಗೆಯಿಂದ ಕದ್ದರು ಎಂದು ಪತ್ತೆ ಹಚ್ಚಲು ಕಂಪನಿಯವರು ಒತ್ತುವ ಮುದ್ರೆ ಅದು.

ಕೆಲಸ ನಡೆಯುವ ಬಗೆ ಶಾಲೆಯ ಹಾಜರಿ ಇದ್ದ ಹಾಗೆ. ಕಂಪನಿಯ ಮುಖ್ಯ ಕೇಂದ್ರದಲ್ಲಿ ಕೂತ ಕಂಪ್ಯೂಟರು ದಿನವಿಡೀ ನಂಬರು ಕೂಗುತ್ತಿರುತ್ತದೆ. ಇಂಥ ನಂಬರಿಗೆ ಇಷ್ಟು ಚಾನೆಲ್ ಬಿಡು, ಇಂಥ ನಂಬರು ದುಡ್ಡು ಕಟ್ಟಿಲ್ಲ, ಮುಚ್ಚು. ವೈರಿನಲ್ಲಿ ಎಲ್ಲರ ಮನೆಗೂ ಎಲ್ಲರ ಹಾಜರಿ ಬರುತ್ತದೆ. ತನ್ನ ನಂಬರು ಕೇಳಿಸಿದ ಪೆಟ್ಟಿಗೆ ಮಾತ್ರ ತೆರೆದುಕೊಳ್ಳುತ್ತದೆ. ಆದರೆ ಹುಡುಗ 'ಪ್ರೆಸೆಂಟ್ ಸಾರ್' ಎಂದು ಕೂಗುವ ಹಾಗೆ ಈ ಪೆಟ್ಟಿಗೆ ಕೂಗುವುದಿಲ್ಲ. ಮಾಮೂಲಿ ಕೇಬಲ್ ಪೆಟ್ಟಿಗೆಗೆ ಕಿವಿ ಉಂಟು, ಬಾಯಿ ಇಲ್ಲ. ಮಗನ ಮನೆಯಲ್ಲಿದೆಯೋ ಅವ್ವನ ಮನೆಯಲ್ಲಿದೆಯೋ, ಹೇಳಲು ಅದಕ್ಕೆ ಬರುವುದಿಲ್ಲ, ಕೇಳಲು ಕಂಪನಿಗೂ ಆಗುವುದಿಲ್ಲ. ಅದಕ್ಕೇ ಎಂಟು ತಿಂಗಳು ಗುಟ್ಟು ನಿಂತದ್ದು. ರಟ್ಟು ಮಾಡಿದ್ದು ಕಂಪ್ಯೂಟರಲ್ಲ, ಸಿಲ್ವರ್ ಓಕ್ ಮರ!

ಮನೆಯ ವಿಳಾಸ ಇರುವುದು ಅರ್ಜಿ ನಮೂನೆಯಲ್ಲಿ. ಪೆಟ್ಟಿಗೆ ಕೊಡುವಾಗ ಒಂದು ಫಾರಂ ತುಂಬಿಸಿ ಸಹಿ ಹಾಕಿಸಿಕೊಂಡು, ಅದರ ಒಂದು ಪ್ರತಿಯನ್ನು ಗ್ರಾಹಕನಿಗೆ ಕೊಡಬೇಕು ಎಂದು ಟ್ರಾಯ್ ಸಂಸ್ಥೆಯ ನಿಯಮ. ಆ ಪ್ರತಿ ಈಗ ಎಷ್ಟು ಮನೆಗಳಲ್ಲಿ ಇದೆ ಎಂದು ಕೇಳಿದರೆ ಯಾರೂ ಉತ್ತರ ಹೇಳುವುದಿಲ್ಲ, ನಗುತ್ತಾರೆ. ಕೊಟ್ಟವರೂ ಕಡಿಮೆ, ಕೊಟ್ಟರೂ ಇಟ್ಟುಕೊಂಡವರು ಅದಕ್ಕಿಂತ ಕಡಿಮೆ.

ಅಂಚೆ ಕಚೇರಿಯ ಕಾಲ

ವಯಸ್ಸಾದವರಿಗೆ ಈ ವಿಳಾಸದ ಗೋಳು ಹೊಸದೇನಲ್ಲ. ರೇಡಿಯೋಕ್ಕೆ ಲೈಸೆನ್ಸ್ ಇದ್ದ ಕಾಲ ಅವರಿಗೆ ಗೊತ್ತು. ಅಂಚೆ ಕಚೇರಿಯಲ್ಲಿ ಹೆಸರು ವಿಳಾಸ ಬರೆದ ಪುಸ್ತಕ, ವರ್ಷಕ್ಕೆ 15 ರೂಪಾಯಿ. ಟಿವಿ ಬಂದಾಗ ಅದಕ್ಕೂ ಲೈಸೆನ್ಸ್. 1980ರ ದಶಕದ ಮಧ್ಯಭಾಗದಲ್ಲಿ ಸರ್ಕಾರ ಅದನ್ನು ತೆಗೆದುಹಾಕಿತು, ಜನ ಬಚಾವಾದೆವು ಅಂದುಕೊಂಡರು. ಆಮೇಲೆ ಕೇಬಲ್ ಬಂದಾಗ ಮತ್ತೆ ಅಂಚೆ ಕಚೇರಿಯೇ! ಈ ಸಲ ನೋಡುವವನಿಗಲ್ಲ, ತೋರಿಸುವವನಿಗೆ. ಕೇಬಲ್ ಆಪರೇಟರ್ ಪ್ರಧಾನ ಅಂಚೆ ಕಚೇರಿಗೆ 500 ರೂಪಾಯಿ ಕಟ್ಟಿ ವರ್ಷ ವರ್ಷ ನೋಂದಣಿ ಮಾಡಿಸಬೇಕಿತ್ತು. 2025ರ ಜನವರಿಯಿಂದ ಅದೂ ಹೋಗಿ ಆನ್‌ಲೈನ್ ಆಯಿತು, ಐದು ವರ್ಷಕ್ಕೊಮ್ಮೆ.

ಕೇಬಲ್ ಹುಡುಗನ ಲೆಕ್ಕ

ಒಂದು ಪೆಟ್ಟಿಗೆ ಅಲ್ಲಿಂದ ಇಲ್ಲಿಗೆ ಹೋದರೆ ಕೇಬಲ್‌ನವರಿಗೆ ಏನು ಕೊಳ್ಳೆ ಹೋಯಿತು ಎಂದು ಕೇಳುವವರು ಒಂದು ಲೆಕ್ಕ ನೋಡಬೇಕು. ಅಂಗಡಿಯವರಿಗೆ ಲೆಕ್ಕ ಹೇಳಿಕೊಡುವುದೇನೂ ಬೇಡ.

2019ರಲ್ಲಿ ಟ್ರಾಯ್ ತಂದ ಹೊಸ ದರದಲ್ಲಿ ಚಾನೆಲ್ಲುಗಳ ಬೆಲೆ ಬೇರೆ, ಲೈನಿನ ಬೆಲೆ ಬೇರೆ. ಲೈನಿನ ಶುಲ್ಕ ತಿಂಗಳಿಗೆ 130 ರೂಪಾಯಿ ಮೀರಬಾರದು, ಜಿ.ಎಸ್.ಟಿ. ಸೇರಿ 153 ರೂಪಾಯಿ 40 ಪೈಸೆ. ಒಂದೇ ಮನೆಯಲ್ಲಿ ಎರಡು ಟಿವಿ ಇದ್ದವರು ಎರಡಕ್ಕೂ ಪೂರಾ ಕಟ್ಟಬೇಕೆ ಎಂದು ದೂರು ಎದ್ದಿತು. 2020ರಲ್ಲಿ ತಿದ್ದುಪಡಿ ಬಂತು. ಎರಡನೇ ಟಿವಿಗೆ ಆ ಶುಲ್ಕದ 100ಕ್ಕೆ 40 ಭಾಗ ಮೀರಬಾರದು. 130 ಇದ್ದದ್ದು 52 ಆಯಿತು. ಜಿ.ಎಸ್.ಟಿ. ಹಿಡಿದರೆ ಗ್ರಾಹಕನಿಗೆ ತಿಂಗಳಿಗೆ 92 ರೂಪಾಯಿ ಉಳಿತಾಯ. ವರ್ಷಕ್ಕೆ ಸಾವಿರದ ಮೇಲಾಯಿತು, ಅವ್ವನಿಗೆ ಒಂದು ಕಂಬಳಿ ಬಂತು.

ಈಗ ಆ ಕಡೆ ನೋಡಿ. ಕಂಪನಿಗೂ ಊರಿನ ಆಪರೇಟರನಿಗೂ ಬೇರೆ ಒಪ್ಪಂದ ಕುದುರದಿದ್ದರೆ ಲೈನಿನ ಶುಲ್ಕದಲ್ಲಿ ಕಂಪನಿಗೆ 55, ಆಪರೇಟರನಿಗೆ 45 ಎಂದು ಟ್ರಾಯ್ ಹೇಳಿದ ಪಾಲು. 130ರಲ್ಲಿ ಆಪರೇಟರನಿಗೆ 58 ರೂಪಾಯಿ 50 ಪೈಸೆ. 52ರಲ್ಲಿ 23 ರೂಪಾಯಿ 40 ಪೈಸೆ. ಒಂದು ಮನೆಯೊಳಗಿನ ಎರಡನೇ ಟಿವಿಗಾದರೆ ಅದೇ ವೈರು, ಅದೇ ಕಂಬ, ಹೆಚ್ಚಿನ ಕೆಲಸವಿಲ್ಲ, 23 ರೂಪಾಯಿ ಸಾಕು. ಕಿಲೋಮೀಟರುಗಟ್ಟಲೆ ಆಚೆ, ಗದ್ದೆ ದಾಟಿ, ಜಿಗಣೆ ಕಚ್ಚಿಸಿಕೊಂಡು ಹೋಗಿ ಕಂಬ ಹತ್ತುವ ಮನೆಗೆ ಅದೇ 23 ರೂಪಾಯಿ 40 ಪೈಸೆ ಎಂದರೆ? ಪೆಟ್ರೋಲಿಗೂ ಆಗದು.

2024ರ ಜುಲೈನಲ್ಲಿ ಟ್ರಾಯ್ ಈ ಮಿತಿಯನ್ನೇ ತೆಗೆದು ಲೈನಿನ ಶುಲ್ಕವನ್ನು ಕಂಪನಿಗಳಿಗೇ ಬಿಟ್ಟಿತು. ಈಗ ಒಬ್ಬೊಬ್ಬರದು ಒಂದೊಂದು ರೇಟು. ಆದರೂ ಎರಡನೇ ಟಿವಿಗೆ ಸೋಡಿ ಕೊಡುವ ಪದ್ಧತಿ ಅನೇಕ ಕಡೆ ಉಳಿದುಕೊಂಡಿದೆ. ಸೋಡಿ ಇದ್ದಲ್ಲಿ ಸಂಚಾರವೂ ಇರುತ್ತದೆ.

ಅದೇ ಅಂಗಡಿಯವರು ಅವ್ವನ ಮನೆಗೆ ಪೂರಾ ರೇಟು ಕಟ್ಟುತ್ತಿದ್ದರೆ ಹುಡುಗ ವೈರು ಬಿಚ್ಚುತ್ತಿದ್ದನೆ? ಬಿಚ್ಚುತ್ತಿರಲಿಲ್ಲ ಎಂದು ಅವನೇ ಒಪ್ಪುತ್ತಾನೆ. ಅಲ್ಲಿಗೆ ಇದು ಕಳ್ಳತನದ ಮಾತಲ್ಲ, ಸೋಡಿಯ ಮಾತು. 1995ರ ಕಾಯ್ದೆ ಬೆರಳು ತೋರಿಸುವುದು ಹೆಚ್ಚಾಗಿ ಕೇಬಲ್ ನಡೆಸುವವನ ಕಡೆಗೆ. ನೋಡುವವನನ್ನು ಕಟ್ಟಿಹಾಕುವುದು ಅವನು ಸಹಿ ಹಾಕಿದ ಫಾರಂ. ಪೊಲೀಸು ಗಿಲೀಸು ಎಂದು ಹೆದರಿಸುವವರ ಮಾತಿಗೆ ಬೆದರಬೇಕಾಗಿಲ್ಲ. ಹಾಗಂತ ಬಾಡಿಗೆಗೆ ಕೊಟ್ಟ ಪೆಟ್ಟಿಗೆಯನ್ನು ಎತ್ತಿಕೊಂಡು ಊರು ಬಿಟ್ಟರೆ ಅದು ಬೇರೆ ಮಾತು. ಪೆಟ್ಟಿಗೆ ಪೂರಾ ಕೊಂಡದ್ದೋ ಬಾಡಿಗೆಯದೋ ಎಂಬುದೂ ಅದೇ ಫಾರಂನಲ್ಲಿ ಇರುತ್ತದೆ. ಮನೆಯಲ್ಲಿಲ್ಲದ ಆ ಪ್ರತಿ!

ಲೈನು ದಾಟಿದರೆ ಡಬ್ಬಿ

ಅಂಗಡಿಯವರ ಅದೃಷ್ಟ, ಅವ್ವನ ಊರಿಗೂ ಅದೇ ಲೈನು. ಬೇರೆ ಕಂಪನಿಯ ಲೈನಾಗಿದ್ದರೆ ಚಿತ್ರವೇ ಬರುತ್ತಿರಲಿಲ್ಲ. ಒಂದು ಕಂಪನಿಯ ಬೀಗಕ್ಕೆ ಇನ್ನೊಂದು ಕಂಪನಿಯ ಕೀಲಿಕೈ ಹೊಂದದು. ಹಾಸನದಲ್ಲಿ ಸಾವಿರ ಚಿಲ್ಲರೆ ಕೊಟ್ಟು ತಂದ ಪೆಟ್ಟಿಗೆ ಬೇರೆ ಲೈನಿನ ಊರಿಗೆ ಬಂದರೆ ಊದುಬತ್ತಿ ಸ್ಟ್ಯಾಂಡಿಗೆ ಲಾಯಕ್ಕು. ಮೊಬೈಲಿಗೆ ಸಿಮ್ ಬದಲಿಸಿದ ಹಾಗೆ ಪೆಟ್ಟಿಗೆ ಅದೇ ಇಟ್ಟುಕೊಂಡು ಕಂಪನಿ ಬದಲಿಸುವಂತಾಗಬೇಕು ಎಂದು ಟ್ರಾಯ್ 2020ರ ಏಪ್ರಿಲ್‌ನಲ್ಲಿ ಸರ್ಕಾರಕ್ಕೆ ಶಿಫಾರಸು ಮಾಡಿತು. ಶಿಫಾರಸು ದೆಹಲಿಯಲ್ಲಿದೆ, ಪೆಟ್ಟಿಗೆ ಅಟ್ಟದ ಮೇಲಿದೆ.

ಇದರ ಏಟು ಹೆಚ್ಚು ಬೀಳುವುದು ತೋಟದ ಲೈನುಮನೆಗಳವರಿಗೆ. ಈ ವರ್ಷ ಈ ತೋಟ, ಬರುವ ವರ್ಷ ಆ ತೋಟ. ಪಾತ್ರೆ ಬರುತ್ತೆ, ಕೋಳಿ ಬರುತ್ತೆ, ಕೇಬಲ್ ಪೆಟ್ಟಿಗೆ ಬಂದರೂ ಬಾರದ ಹಾಗೆ. ಕಂಪನಿ ಒಂದೇ ಆಗಿ ಆಪರೇಟರ್ ಬೇರೆಯಾದರೆ ಅದು ಇನ್ನೂ ತಮಾಷೆ. ಚಿತ್ರ ಬರುತ್ತದೆ, ದುಡ್ಡು ಹಳೇ ಆಪರೇಟರನ ಖಾತೆಗೆ ಹೋಗುತ್ತದೆ. ವೈರು ಕಡಿದ ದಿನ ಹಳಬ "ಅದು ನನ್ನ ಏರಿಯಾ ಅಲ್ಲ" ಎನ್ನುತ್ತಾನೆ, ಹೊಸಬ "ಆ ಪೆಟ್ಟಿಗೆ ನಂದಲ್ಲ" ಎನ್ನುತ್ತಾನೆ. ಇಬ್ಬರ ಮಾತೂ ಸುಳ್ಳಲ್ಲ!

ಅದಕ್ಕೇ ಲೈನುಮನೆಗಳ ಹೆಂಚಿನ ಮೇಲೆ ಈಗ ಡಿಶ್ಶುಗಳು ಎದ್ದಿವೆ. ದುಡ್ಡು ಕಟ್ಟುವ ಡಿಟಿಎಚ್‌ಗೆ ವೈರಿಲ್ಲ, ಆಕಾಶದಿಂದ ಬರುವುದರಿಂದ ಕಂಪನಿಯ ಉಪಗ್ರಹದ ಕಡೆ ಡಿಶ್ ತಿರುಗಿಸಿದರೆ ಬಾಳ್ಳುಪೇಟೆಯೂ ಒಂದೇ ಬೆಂಗಳೂರೂ ಒಂದೇ. ಬೆಂಗಳೂರಿನಲ್ಲಿದ್ದು ಶನಿವಾರ ಭಾನುವಾರ ತೋಟಕ್ಕೆ ಬರುವ ಸಾಹುಕಾರರು ಎರಡು ಕಡೆಯೂ ಡಿಶ್ ನಿಲ್ಲಿಸಿ, ಪೆಟ್ಟಿಗೆ ಒಂದನ್ನೇ ಕಾರಿನ ಡಿಕ್ಕಿಯಲ್ಲಿ ಓಡಾಡಿಸುತ್ತಾರೆ. ದೊಡ್ಡವರ ಪೆಟ್ಟಿಗೆ ಕಾರಿನಲ್ಲಿ ಹೋದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಬಡಪಾಯಿಯ ಪೆಟ್ಟಿಗೆ ಬಸ್ಸಿನಲ್ಲಿ ಹೋದರೆ ಪಂಚಾಯ್ತಿ. ಇದೇ ಪೆಟ್ಟಿಗೆಗಳು ವಿಮಾನ ಹತ್ತಿ ದುಬೈ ಕಡೆಗೂ ಹೋಗಿವೆ. ಅಲ್ಲಿನವರು ಅದನ್ನು ಕಳ್ಳ ವೀಕ್ಷಣೆ ಎಂದೇ ಹಿಡಿದು ಕ್ರಮ ಕೈಗೊಂಡದ್ದಿದೆ.

ಇನ್ನು ಪುಕ್ಕಟೆಯದು ದೂರದರ್ಶನದ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಶುರುವಾದದ್ದು, ತಿಂಗಳ ಬಾಡಿಗೆ ಇಲ್ಲ, ಹೆಸರು ಬರೆಸುವಂತಿಲ್ಲ, ವಿಳಾಸ ಕೇಳುವವರಿಲ್ಲ. ಚಂದನ ಬರುತ್ತದೆ, ಹಿಂದಿಯವು ಬೇಕಾದಷ್ಟು ಬರುತ್ತವೆ. ಕನ್ನಡದ ದುಡ್ಡಿನ ಚಾನೆಲ್ಲುಗಳ ಸೀರಿಯಲ್ ಬೇಕೆನ್ನುವ ಅಜ್ಜಿಯರಿಗೆ ಅದು ರುಚಿಸದು. ಜೊತೆಗೆ ಮಲೆನಾಡಿನ ಮಳೆ. ಜುಲೈ ತಿಂಗಳಲ್ಲಿ ಜಡಿ ಹಿಡಿದರೆ ಡಿಶ್ ಕಣ್ಣು ಮುಚ್ಚುತ್ತದೆ, ಮೋಡ ದಾಟಿ ಬರುವ ಹೊತ್ತಿಗೆ ಸಿಗ್ನಲ್ಲಿಗೆ ಜೀವ ಇರುವುದಿಲ್ಲ. ನೆರಳಿನ ಮರ ಬೆಳೆದು ಅಡ್ಡ ಬಂದರೂ ಅಷ್ಟೇ. ಮರ ಕಡಿಯಲು ತೋಟದ ಯಜಮಾನ ಬಿಟ್ಟಾನೆಯೆ? ಮಳೆಗೆ ಕೇಬಲ್ಲೇ ವಾಸಿ, ಕರೆಂಟು ಇದ್ದರೆ.

ಡಿಶ್ಶಿಗೆ ಇನ್ನೊಂದು ಕೊರತೆ, ಅದಕ್ಕೆ ಊರಿಲ್ಲ. ಊರ ಜಾತ್ರೆ, ಕಾಣೆಯಾದವರು, ಕೆರೆ ಒಡೆದದ್ದು, ಇವೆಲ್ಲ ಬರುವುದು ಲೋಕಲ್ ಕೇಬಲ್ ಚಾನೆಲ್ಲುಗಳಲ್ಲಿ. ತಮಿಳುನಾಡಿನ ಆಣೈಮಲೆ ಬೆಟ್ಟದ ವಾಲ್ಪಾರೈಯಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆಯವರು ಆನೆಗಳು ಆ ದಿನ ಯಾವ ತೋಟದಲ್ಲಿವೆ ಎಂಬುದನ್ನು ಸಂಜೆ ಹೊತ್ತು ಲೋಕಲ್ ಕೇಬಲ್ಲಿನ ಅಡಿಸಾಲಿನಲ್ಲಿ ಓಡಿಸಿದ್ದರು. ಕೆಲಸ ಮುಗಿಸಿ ಮನೆ ಸೇರುವವರು ಯಾವ ದಾರಿ ಬಿಡಬೇಕು ಎಂದು ಟಿವಿ ನೋಡಿ ತಿಳಿಯುತ್ತಿದ್ದರು. ಆಲೂರು ಸಕಲೇಶಪುರ ಸೀಮೆಯಲ್ಲಿ ಆನೆ ಸುದ್ದಿ ಮೊಬೈಲಿನ ಸಂದೇಶದಲ್ಲೂ ದಾರಿ ಬದಿಯ ಬೋರ್ಡಿನಲ್ಲೂ ಬಂದದ್ದುಂಟು. ಅಜ್ಜಿಗೆ ಮೊಬೈಲಿನ ಸಂದೇಶ ಓದಲು ಬರುವುದಿಲ್ಲ. ಟಿವಿ ನೋಡಲು ಬರುತ್ತದೆ.

ಈ ಮಧ್ಯೆ ಪೇಟೆಯ ಮಕ್ಕಳು ಮೊಬೈಲಿನಲ್ಲಿ ನೋಡುವ ಕಂಪನಿಗಳೂ ಈಗ ಮನೆ ಕೇಳತೊಡಗಿವೆ. ಒಂದು ಖಾತೆ ಒಂದೇ ಮನೆಯವರಿಗೆ ಎಂದು ನೆಟ್‌ಫ್ಲಿಕ್ಸ್ ಭಾರತದಲ್ಲಿ 2023ರ ಜುಲೈನಲ್ಲಿ ಕಟ್ಟುಮಾಡಿತು. ಅವರ ಕೈಯಲ್ಲಿ ಇಂಟರ್‌ನೆಟ್ ಇದೆ. ಯಾವ ಮನೆಯಿಂದ ನೋಡುತ್ತಾರೆ ಎಂದು ಕಂಡುಹಿಡಿಯಲು ಅವರಿಗೆ ಸಿಲ್ವರ್ ಓಕ್ ಕೊಂಬೆ ಮುರಿಯಬೇಕಾಗಿಲ್ಲ.

ಕೊನೆಗೆ ಆದದ್ದು

ಪೆಟ್ಟಿಗೆಯ ಜಾಗ ಬದಲಿಸಿಕೊಡಿ ಎಂದು ಕೇಳುವ ಹಕ್ಕು ಗ್ರಾಹಕನಿಗೆ ಇದೆ. 2017ರ ಸೇವಾ ಗುಣಮಟ್ಟದ ನಿಯಮಾವಳಿಯಲ್ಲಿ ಅದು ಬರೆದೇ ಇದೆ, ಲೈನು ಹೋಗುವ ಜಾಗವಾಗಿದ್ದರೆ ಸಾಕು. ಅಂಗಡಿಯವರು ಬಟ್ಟೆಚೀಲ ಹಿಡಿದು ಹೊರಡುವ ಮೊದಲು ಒಂದು ಮಾತು ಹೇಳಿದ್ದರೆ ಈ ರಂಪವೇ ಇರುತ್ತಿರಲಿಲ್ಲ. ಹೇಳಿದರೆ ಸೋಡಿ ಹೋಗುತ್ತೆ ಎಂದು ಹೇಳಲಿಲ್ಲ. ಇತ್ತ ಆಪರೇಟರನೂ ವೈರು ಬಿಚ್ಚುವ ಮೊದಲು ಒಂದು ಮಾತು ಕೇಳಬಹುದಿತ್ತು. ಮುದುಕಿಯೊಬ್ಬಳು ಕತ್ತಲಲ್ಲಿ ನಾಲ್ಕು ಸಂಜೆ ಸುಮ್ಮನೆ ಕೂತದ್ದಕ್ಕೆ ಯಾವ ನಿಯಮಾವಳಿಯಲ್ಲೂ ಪರಿಹಾರವಿಲ್ಲ.

ಐದನೇ ದಿನ ರಾಜಿಯಾಯಿತು. ಹಿಂದಿನ ಎಂಟು ತಿಂಗಳ ಮಾತು ಬೇಡ, ಮುಂದಕ್ಕೆ ಪೆಟ್ಟಿಗೆ ಅವ್ವನ ಹೆಸರಿಗೆ, ಪೂರಾ ರೇಟು, ಕಟ್ಟುವುದು ಮಗ. ಹುಡುಗ ಹೊಸ ಫಾರಂ ಹಿಡಿದು ಹಳ್ಳಿಗೆ ಹೋದ. ಹೆಸರು ಬರೆದಾಯಿತು. ಮನೆ ನಂಬರು ಎಂಬ ಕಡೆ ಪೆನ್ನು ನಿಂತಿತು. ಬಾಗಿಲ ಮೇಲಿನ ನಂಬರು ಸುಣ್ಣ ಬಳಿದು ಬಳಿದು ಮುಚ್ಚಿಹೋಗಿದೆ. 'ಹಲಸಿನ ಮರದ ಪಕ್ಕದ ಹಂಚಿನ ಮನೆ' ಎಂದು ಬರೆದುಕೊಂಡ. ಪೆಟ್ಟಿಗೆ ಮಗುಚಿ ತಳದ ಚೀಟಿಯ ನಂಬರು ನೋಡಿ ಇಳಿಸಿಕೊಂಡ. ಅಜ್ಜಿ ಹೆಬ್ಬೆಟ್ಟು ಒತ್ತಿದರು. ಪ್ರತಿಯೊಂದನ್ನು ಕೊಟ್ಟ, ಅಜ್ಜಿ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿದರು. ವೈರು ಚುಚ್ಚಿದ, ಚಿತ್ರ ಬಂತು.

ಅವನು ಚಪ್ಪಲಿ ಮೆಟ್ಟುವಾಗ ಅಜ್ಜಿ ಹಿಂದಿನಿಂದ ಕೂಗಿದರು: "ಏ ಮಗಾ, ಚಳಿಗಾಲದಲ್ಲಿ ಒಲೆ ಮುಂದೆ ಕೂತ್ಕೊಂಡು ನೋಡಣ ಅಂತ. ಇದನ್ನ ಅಡುಗೆಮನೇಲಿ ಇಟ್ಕೋಬೌದಾ, ಇಲ್ಲ ಅದೂ ಬೇರೆ ವಿಳಾಸನಾ?"